ಎಣ್ಣೆಗೆಂಪು

ನವೆಂಬರ್ 4, ಬೆಳಿಗ್ಗೆ

ಇವತ್ತೂ ಹಸಿರು. ಕಂಪ್ಯೂಟರಿನಲ್ಲಿ ನನ್ನ ಮುಖ ಮುಖದ ಹಾಗೇ ಇತ್ತು. ಪೇಪರ್ ಮೇಲೆ ಬಂದಾಗ ಮಂಕು. ಮಂಕಾಯ್ತಲ್ಲ ಅಂತ ಬಣ್ಣ ಏರಿಸಿ, ಮಗ್‌ಗೆ ಸುತ್ತಿ, ಬಿಸಿಯಲ್ಲಿ ಒತ್ತುವ ಹೀಟ್ ಪ್ರೆಸ್‌ಗೆ ಕೊಟ್ಟೆ... ತೆಗೆದರೆ ಹೀಗೆ.

ಹೆಂಡತಿ ದ್ರಾಕ್ಷಾಯಿಣಿ ಬಂದು ನೋಡಿದಳು. "ಇದೇನ್ರೀ, ಮೊಕದ ಮೇಲೆ ಪಾಚಿ ಕಟ್ಟೈತೆ?" ಆಮೇಲೆ ಅದೇ ಮಗ್‌ನಲ್ಲಿ ಕಾಫಿ ಕೊಟ್ಟಳು. ಕಾಫಿ ಮಾತ್ರ ಚೆನ್ನಾಗಿತ್ತು.

ಬರೆಯೋಕೆ ಸೋಮಾರಿತನ, ಅದಕ್ಕೇ ಫೋನಿಗೆ ಹೇಳಿಡುತ್ತಿದ್ದೇನೆ. ಹಾರೋಹಳ್ಳಿ ಫ್ಯಾಕ್ಟರಿ ಬಿಟ್ಟು ಮನೆಯಲ್ಲೇ ಈ ಮಗ್ ಪ್ರಿಂಟಿಂಗ್ ಶುರು ಮಾಡಿದ ಮೇಲೆ ಮಾತಿಗೆ ಜನ ಸಾಲದು.

ನವೆಂಬರ್ 6, ಮಧ್ಯಾಹ್ನ

ರಾಮನಗರದ ಇಂಕ್ ಅಂಗಡಿ ಬಿಸ್ಮಿಲ್ಲಾ ಸಾಹೇಬರಿಗೆ ಫೋನ್ ಮಾಡಿದೆ. ನಕ್ಕರು. ಪೇಪರ್ ಮೇಲೆ ಮಂಕಾಗೇ ಇರಬೇಕಂತೆ, ಬಿಸಿ ತಗುಲಿದಾಗ ಬಣ್ಣ ಏಳುತ್ತದಂತೆ. ಈ ಇಂಕಿಗೆ ಅಂತಲೇ ಬಣ್ಣ ಹೊಂದಿಸುವ ಒಂದು ಕಲರ್ ಪ್ರೊಫೈಲ್ ಫೈಲ್ ಇದೆ — ಅದನ್ನು ಸಾಫ್ಟ್‌ವೇರಿನಲ್ಲಿ ಹಾಕಿ, ಪ್ರಿಂಟರಿನ ಕಲರ್ ಸೆಟ್ಟಿಂಗ್ ಆಫ್ ಮಾಡಿ ಅಂದರು. ನಾನು ಬಣ್ಣ ತಿದ್ದೋ ಕೆಲಸ ಸಾಫ್ಟ್‌ವೇರು, ಪ್ರಿಂಟರು ಇಬ್ಬರಿಗೂ ಕೊಟ್ಟಿದ್ದೆ. ಒಂದೇ ಪಾತ್ರೆ ಸಾರಿಗೆ ಇಬ್ಬರು ಉಪ್ಪು ಹಾಕಿದ ಹಾಗೆ.

ಅವರು ಹೇಳಿದ ಹಾಗೇ ಮಾಡಿದೆ. ಈಗ ಮಗ್ ಮೇಲೆ ನನ್ನ ಮುಖ ನನ್ನದೇ. ಅದೇನೂ ಸಂಭ್ರಮ ಪಡುವಂಥದ್ದಲ್ಲ, ಆದರೂ...

ನವೆಂಬರ್ 17

ಹೊರಗಿನ ಮೊದಲ ಗಿರಾಕಿ. ವಿರೂಪಾಕ್ಷಿಪುರದಿಂದ ಬಂದು ಸೊಪ್ಪು ಮಾರುವ ಮಾರಕ್ಕ. ಮಗಳು ಚೈತ್ರಾ ಭಾನುವಾರ ಮದುವೆಯಾಗಿ ಮಾಗಡಿಗೆ ಹೋಗುತ್ತಾಳೆ. ಬೆಳಗಿನ ಟೀ ತಾಯಿ ಮಗಳು ಜೊತೆಗೇ ಕುಡಿಯೋದಂತೆ. ಇನ್ನು ಮೇಲೆ ಮಗ್ ಮೇಲಾದರೂ ಅವಳಿರಲಿ ಅಂತ. ನಿಶ್ಚಿತಾರ್ಥದ ಸ್ಟುಡಿಯೋ ಫೋಟೋ ಕೊಟ್ಟರು. "ನನ್ ಮಗಳ ಬಣ್ಣ ಹಂಗೇ ಬರ್ಬೇಕು ಕಣಣ್ಣ."

ನವೆಂಬರ್ 19, ಸಂಜೆ

ಫೋಟೋ ಪಕ್ಕ ಇಟ್ಟರೆ ಕೂದಲೆಳೆಯ ವ್ಯತ್ಯಾಸವಿಲ್ಲ. ಸೀರೆಯ ಹಸಿರು, ಮುಡಿದ ಕನಕಾಂಬರ, ಎಲ್ಲ. ಜಂಬದಿಂದಲೇ ಕೊಟ್ಟೆ. ಮಾರಕ್ಕ ತಿರುಗಿಸಿ ತಿರುಗಿಸಿ ನೋಡಿ, ಮೆಲ್ಲಗೆ ಕೆಳಗಿಟ್ಟರು.

"ಇವ್ಳು ಸ್ಟುಡಿಯೋದವ್ರ ಮಗಳು ಕಣಣ್ಣ. ನನ್ ಮಗಳು ಎಣ್ಣೆಗೆಂಪು."

ಫೋಟೋ ತೋರಿಸಿ ವಾದಕ್ಕೆ ಹೋದೆ... ನಿಲ್ಲಿಸಿದೆ. ಸ್ಟುಡಿಯೋದವರು ಕೇಳದೇನೇ ಹುಡುಗಿಯನ್ನು ಬೆಳ್ಳಗೆ ಮಾಡಿದ್ದಾರೆ. ಆ ಸುಳ್ಳನ್ನು ನಾನು ಚೂರೂ ತಪ್ಪಿಲ್ಲದೆ ಪ್ರಿಂಟ್ ಹಾಕಿದ್ದೇನೆ. ಎಣ್ಣೆಗೆಂಪಿಗೆ ಪ್ರೊಫೈಲ್ ಎಲ್ಲಿಂದ ತರಲಿ? ನಾಳೆ ಮಗಳನ್ನೇ ಕರಕೊಂಡು ಬನ್ನಿ ಅಂದೆ.

ನವೆಂಬರ್ 20, ಮಧ್ಯಾಹ್ನ ಮೂರು

ಚೈತ್ರಾ ಬಂದಳು. ಅರಿಶಿನ ಶಾಸ್ತ್ರ ಇನ್ನೂ ಆಗಿಲ್ಲ, ಪುಣ್ಯ — ಆಗಿದ್ದರೆ ಇನ್ನೊಂದು ಬಣ್ಣ ಸೇರುತ್ತಿತ್ತು. ಜಗುಲಿಯ ನೆರಳಲ್ಲಿ ಕೂರಿಸಿ, ಫೋನಿನ ಬ್ಯೂಟಿ ಮೋಡ್ ಆಫ್ ಮಾಡಿ ಫೋಟೋ ತೆಗೆದೆ. ಪೇಪರ್ ಮೇಲೆ ಮಂಕು. ಈ ಸಲ ಬಣ್ಣಕ್ಕೆ ಕೈ ಹಾಕಲಿಲ್ಲ. ಪ್ರೆಸ್ ತೆರೆದು ಮಗ್ ಆರಲು ಇಟ್ಟೆ. ಆಮೇಲೆ ಅವಳೇ ಅದರ ಪಕ್ಕ ಕೆನ್ನೆ ಇಟ್ಟಳು. ಮಾರಕ್ಕ ಮಗ್ ನೋಡಿದರು, ಮಗಳನ್ನು ನೋಡಿದರು, ಮತ್ತೆ ಮಗ್.

"ಹ್ಞೂ. ಇವ್ಳೇ."

ದ್ರಾಕ್ಷಾಯಿಣಿ ಅದರಲ್ಲೇ ಟೀ ಬಗ್ಗಿಸಿಕೊಟ್ಟಳು.

ಹೊರಟಿದ್ದ ಚೈತ್ರಾ ಬಾಗಿಲಲ್ಲಿ ತಿರುಗಿದಳು. "ಅಂಕಲ್, ನಮ್ಮವ್ವಂದೂ ಒಂದು ಮಾಡ್ಕೊಡಿ. ನಾನೂ ಅಲ್ಲಿ ಟೀ ಕುಡೀಬೇಕಲ್ಲ."

ಈಗ ಮಾರಕ್ಕ ಸೆರಗು ಸರಿಮಾಡಿಕೊಂಡು ಜಗುಲಿಯಲ್ಲಿ ಕೂತಿದ್ದಾರೆ. ಆಗಲೇ ನನ್ನ ಕಿವಿಯ ಹತ್ತಿರ ಬಂದು, "ನಂದು ಒಸಿ ಬೆಳ್ಳಗೆ ಮಾಡ್ಬುಡಣ್ಣ," ಅಂದು ಹೋದರು. ಮಗಳಿಗೆ ಅದು ಕೇಳಿಸಿದೆ. ಸೊಂಟದ ಮೇಲೆ ಕೈ ಇಟ್ಟು ನನ್ನನ್ನೇ ನೋಡುತ್ತಿದ್ದಾಳೆ. ಇಬ್ಬರಲ್ಲಿ ಯಾರ ಮಾತು... ಬಂದೆ ಕಣಮ್ಮಾ, ಈ ರೆಕಾರ್ಡಿಂಗ್ ಒಂದು ಆಫ್ ಮಾಡಿ—