ಬಿರುಕಿನ ಮೇಲಿನ ಗಾಜು

ಮಂಗಳವಾರ, ಮಧ್ಯಾಹ್ನ ಊಟದ ಬಿಡುವು

ಪ್ರೀತಿಯ ಅಪ್ಪಾ,

ನೀನು ಕಾಗದ ಬಂದರೆ ಕನ್ನಡಕ ಸಿಗಲಿಲ್ಲವೆಂದು ನಾಲ್ಕು ದಿನ ಕಪಾಟಿನ ಮೇಲೇ ಇಡುವವನು. ಇದನ್ನು ಮಾತ್ರ ಕೈಗೆ ಬಂದ ತಕ್ಷಣ ಒಡೆದು ಓದು. ಒಳಗೆ ಟಿಕೆಟ್ ಇದೆ. ಬರುವ ಭಾನುವಾರ ಸಂಜೆ ಆರಕ್ಕೆ ನಾನು ಹುಚ್ಚಳ ಹಾಗೆ ಕೇಳುವ ಆ ರೆಗ್ಗೇ ಹಾಡಿನ ತಂಡ ಬರುತ್ತಿದೆ, ಅದೂ ನಾನು ಗಾರೆ ಕೆಲಸ ಮಾಡುತ್ತಿರುವ ಈ ಹಳೇ ರಂಗಮಂದಿರಕ್ಕೇ!

ಹನ್ನೊಂದು ವರ್ಷ ಕಾದಿದ್ದೇನೆ. ಮೊದಲ ಸಲ ಜ್ವರ, ಎರಡನೇ ಸಲ ನಿನ್ನ ಮಂಡಿಯ ಆಪರೇಷನ್, ಮೂರನೇ ಸಲ ಬಾಗಿಲವರೆಗೆ ಹೋದ ಮೇಲೆ ಕಾರ್ಯಕ್ರಮವೇ ರದ್ದು. ಕೈಗೆ ಬಂದ ತುತ್ತು ಬಾಯಿಗೆ ಬರಲೇ ಇಲ್ಲ. ಬಣ್ಣ ಹೊಡೆಯುವವನ ಟೇಪಿನಲ್ಲಿ ಆ ಹಾಡುಗಳನ್ನು ಮೊದಲು ಕೇಳಿದಾಗ ನೀನು, "ಇದೇನೇ, ಹಾಡು ಕುಂಟ್ಕೊಂಡು ಬರ್ತಿದೆ?" ಅಂದಿದ್ದೆ. ಕುಂಟುವುದಲ್ಲ ಅಪ್ಪಾ, ತಾಳದ ಪೆಟ್ಟು ಬೀಳಬೇಕಾದ ಕಡೆ ಬೀಳದೆ ಪಕ್ಕದಲ್ಲಿ ಬೀಳುತ್ತದೆ, ಅಷ್ಟೇ. ಸಣ್ಣಪುಟ್ಟ ತಂಡಗಳನ್ನು ಎದುರಿಗೇ ನಿಂತು ಕೇಳಿದ್ದೇನೆ. ಬೇಸ್ ಗಿಟಾರಿನ ಸದ್ದು ಕಿವಿಗೆ ಬರುವ ಮೊದಲು ಅಂಗಾಲಿಗೆ ಬರುತ್ತದೆ. ಆಮೇಲೆ ಪರಿಚಯವೇ ಇಲ್ಲದ ಮುನ್ನೂರು ಜನ ಒಂದೇ ಪೆಟ್ಟಿಗೆ ಒಟ್ಟಿಗೆ ಕುಣಿಯುತ್ತಾರೆ. ಅಷ್ಟು ಸಂತೋಷ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ನನ್ನ ಜಾಗ ಬಾಲ್ಕನಿಯ ಮುಂದಿನ ಸಾಲು. ನಿನ್ನ ಟಿಕೆಟ್ ನಿನ್ನೆ ಸಂಜೆ ತೆಗೆದದ್ದು: ಕೆಳಗೆ ಮೊದಲ ಸಾಲು, ಪಕ್ಕದ ಬಾಗಿಲಿಗೆ ಅಂಟಿದ ಕುರ್ಚಿ. ನಿನ್ನ ಮಂಡಿಗೆ ಮೆಟ್ಟಿಲು ಆಗುವುದಿಲ್ಲವಲ್ಲ, ಅದಕ್ಕೆ.

ಇನ್ನು ಕೆಲಸದ ವಿಷಯ. ಬಾಲ್ಕನಿಯ ತೊಲೆ ಗೋಡೆಯ ಮೇಲೆ ಕೂರುವ ಕಡೆ ಕೂದಲೆಳೆಯಷ್ಟು ಬಿರುಕಿತ್ತು. ನೀನು ಕಲಿಸಿದ ಹಾಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೆದಿದ್ದೆ. ಗಾಜು ಇಡಿಯಾಗಿದ್ದರೆ ಬಿರುಕು ಹಳೆಯದು, ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಅಂತ ನೀನೇ ಹೇಳಿಕೊಟ್ಟದ್ದು. ಮೂರು ವಾರ ಇಡಿಯಾಗೇ ಇತ್ತು. ಮೊನ್ನೆ ಭಾನುವಾರ ಸೌಂಡ್ ಸಿಸ್ಟಂನವರು ಆಳೆತ್ತರದ ಸ್ಪೀಕರ್‌ಗಳನ್ನಿಟ್ಟು ಬೇಸ್ ಪರೀಕ್ಷೆ ಮಾಡಿದರು. ನಿನ್ನೆ ಬೆಳಗ್ಗೆ ನೋಡಿದರೆ ಗಾಜು ಎರಡು ತುಂಡು.

ಯಾರೋ ಬಾಗಿಲು ಜೋರಾಗಿ ಬಡಿದಿರಬೇಕು ಅಂದುಕೊಂಡೆ. ಹೊಸ ಗಾಜು ಅಂಟಿಸಿದೆ. ಅಪ್ಪಾ, ಅದರ ಮೇಲೆ ಹಳೇ ತಾರೀಖನ್ನೇ ಬರೆದೆ. ನಿನ್ನೆ ಮಧ್ಯಾಹ್ನವೇ ಕಟ್ಟಡ ಪರಿಶೀಲಿಸುವ ಇಂಜಿನಿಯರರು ಬಂದು ಟಾರ್ಚ್ ಬಿಟ್ಟು ನೋಡಿ, "ಮೂರು ವಾರದಿಂದ ಏನೂ ಆಗಿಲ್ಲ, ಪರವಾಗಿಲ್ಲ" ಅಂತ ಸಹಿ ಹಾಕಿದರು. "ಯಾಕಮ್ಮ, ಇಷ್ಟು ಬೆವರ್ತಿದ್ದೀಯ?" ಅಂತಲೂ ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವರು ಕೇಳದಿದ್ದರೂ ಅಂಟು ಎಷ್ಟು ಗಟ್ಟಿ ಎಂದು ವಿವರಿಸತೊಡಗಿದೆ.

ನಿಜ ಹೇಳಿದ್ದರೆ ಬಾಲ್ಕನಿ ಮುಚ್ಚಿಸುತ್ತಿದ್ದರು. ಬಾಲ್ಕನಿ ಇಲ್ಲದಿದ್ದರೆ ಕಾರ್ಯಕ್ರಮವೂ ಇಲ್ಲ ಅಂತ ಮ್ಯಾನೇಜರ್ ಮೊದಲೇ ಹೇಳಿದ್ದರು. ನಾಲ್ಕನೇ ಸಲವೂ ಕಳೆದುಕೊಳ್ಳಲು ನನ್ನಿಂದ ಆಗಲಿಲ್ಲ. "ಗೋಡೆ ಸುಳ್ಳು ಹೇಳಲ್ಲ, ಮೇಸ್ತ್ರಿ ಹೇಳ್ತಾನೆ" ಅಂತ ನೀನು ಯಾರು ಯಾರನ್ನೋ ಬೈಯುತ್ತಿದ್ದೆ. ಈಗ ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ. ನಾಚಿಕೆಯಾಗುತ್ತದೆ. ಆದರೂ ಭಾನುವಾರವನ್ನು ನೆನೆದರೆ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ನನ್ನ ಬಗ್ಗೆ ನನಗೇ ಭಯವಾಗುತ್ತಿದೆ.

ಬಿಡುವು ಮುಗಿಯಿತು. ಸ್ಪೀಕರ್ ಪರೀಕ್ಷೆ ಮತ್ತೆ ಶುರುವಾಗಿದೆ, ಬರೆಯುತ್ತಿರುವ ಹಲಗೆ ಸಣ್ಣಗೆ ನಡುಗುತ್ತಿದೆ.

ನಿನ್ನ
ಸಣ್ಣ ಮೇಸ್ತ್ರಿ

ಸಂಜೆ ಐದಕ್ಕೆ ಸೇರಿಸಿದ್ದು: ಮಂಡಿಯ ಮಾತು ಸುಳ್ಳು. ಆ ಕುರ್ಚಿಯ ಮೇಲೆ ಬಾಲ್ಕನಿ ಬರುವುದಿಲ್ಲ, ಅದಕ್ಕೇ ಹುಡುಕಿ ತೆಗೆದೆ. ಎರಡನೇ ಗಾಜೂ ಈಗ ಒಡೆದಿದೆ. ಮೂರನೆಯದನ್ನು ಅಂಟಿಸಿ ಅದೇ ಹಳೇ ತಾರೀಖು ಬರೆದು ಬಂದೆ. ಫೋನ್ ಮೂರು ಸಲ ಎತ್ತಿ ಮೂರು ಸಲವೂ ಕೆಳಗಿಟ್ಟೆ. ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ. ಟಿಕೆಟ್ಟಿನ ಹಿಂದೆ ಇಂಜಿನಿಯರರ ನಂಬರ್ ಇದೆ. ನಾನು ಮಾಡಲಾರದ್ದನ್ನು ನೀನು ಮಾಡು. ಕನ್ನಡಕ ಅಡುಗೆಮನೆಯ ಕಿಟಕಿಯಲ್ಲಿರುತ್ತದೆ ಅಪ್ಪಾ, ಯಾವಾಗಲೂ ಅಲ್ಲೇ ಬಿಟ್ಟಿರುತ್ತೀಯ.