ಮೂರನೇ ಸಾಲು ಮೊದಲು ನಕ್ಕಿತು

ಮೂರನೇ ಮಹಡಿ, ನಾಟಕಮಂದಿರದ ಹಿಂದಿನ ಬೀದಿ
ಭಾನುವಾರ, ಹದಿನಾಲ್ಕನೇ ತಾರೀಕು, ಮಧ್ಯಾಹ್ನ

ಮುದ್ದು ಅಜ್ಜಾ,

ನನಗೆ ಕೆಲಸ ಸಿಕ್ಕಿತು, ನಿನ್ನೆ ಖಾಯಂ ಕೂಡ ಆಯಿತು, ಅದೂ ಎಂಥ ಕೆಲಸ ಅಂದರೆ ಕಣ್ಣು ಕಾಣದವರಿಗೆ ನಾಟಕ ಹೇಳುವ ಕೆಲಸ! ಹೇಗಿದ್ದೀಯ ಅಂತ ಕೇಳುವ ಮೊದಲೇ ಒದರಿಬಿಟ್ಟೆ. ನನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಅಂತ ನೀನೇ ಅನ್ನುತ್ತಿದ್ದೆಯಲ್ಲ. ಈಗ ಕೇಳುತ್ತೇನೆ. ಮೊಣಕಾಲು ನೋವು ಹೇಗಿದೆ? ಬಚ್ಚಲಿನ ಬಾಗಿಲಿಗೆ ಮತ್ತೆ ಹಣೆ ಹೊಡೆಸಿಕೊಂಡೆಯಾ? ನಾನು ಕೊಟ್ಟ ರೇಡಿಯೋ ಹಾಡುತ್ತಿದೆಯಾ, ಇಲ್ಲ ನಿನ್ನ ಕೈಗೆ ಸಿಕ್ಕಿ ಮೂರು ಭಾಗವಾಗಿ ಮೇಜಿನ ಮೇಲೆ ಬಿದ್ದಿದೆಯಾ? ಚಿಕ್ಕಮ್ಮಾ, ಇದನ್ನು ಅಜ್ಜನಿಗೆ ಓದಿ ಹೇಳುವವಳು ನೀನೇ ಅಂತ ಗೊತ್ತು. ಗಂಡನನ್ನು ‘ಇವನು’ ಅಂತ ಬರೆದಿದ್ದೇನೆ, ಅದನ್ನು ‘ಇವರು’ ಅಂತ ತಿದ್ದಿ ಓದಬೇಡ. ಇಂಗ್ಲಿಷ್ ಮೀಡಿಯಂ ಹುಡುಗಿಯ ಒತ್ತಕ್ಷರ ತಪ್ಪಿದ್ದರೆ ಮಾತ್ರ ತಿದ್ದಿಕೋ.

ಇವನು ನಾಟಕಮಂದಿರದಲ್ಲಿ ಲೈಟು ಬಿಡುವವನಲ್ಲವೇ, ಊರಿಗೆಲ್ಲ ಸಂಜೆಯಾದರೆ ಇವನಿಗೆ ಬೆಳಗಾಗುತ್ತದೆ. ಸೋಮವಾರ ಮಂದಿರಕ್ಕೆ ರಜೆ, ಆವತ್ತು ನಾವಿಬ್ಬರೂ ಹಗ್ಗ ಬಿಚ್ಚಿದ ಕರುಗಳು. ಮದುವೆಯಾಗಿ ಐದು ತಿಂಗಳಲ್ಲಿ ಈ ಊರಿನಲ್ಲಿ ನಾವು ಹೊಕ್ಕದ ಬಾಗಿಲಿಲ್ಲ. ಸೋಮವಾರ ಮಾತ್ರ ಒಂಬತ್ತರವರೆಗೆ ತೆರೆದಿರುವ ಒಂದು ಚಿತ್ರಶಾಲೆ ಇದೆ, ಅಲ್ಲಿ ಜನ ಚಿತ್ರ ನೋಡುವುದಕ್ಕಿಂತ ಒಬ್ಬರನ್ನೊಬ್ಬರು ನೋಡುವುದೇ ಹೆಚ್ಚು. ಒಂದು ಕಟ್ಟಡದ ತಾರಸಿಯ ಮೇಲೆ ಪರದೆ ಕಟ್ಟಿ ಸಿನಿಮಾ ತೋರಿಸುತ್ತಾರೆ, ಗಾಳಿ ಬಂದರೆ ನಾಯಕಿಯ ಮುಖವೆಲ್ಲ ಸುಕ್ಕು. ನೆಲಮಾಳಿಗೆಯಲ್ಲಿ ಕುಣಿಯುವ ಜಾಗವೂ ಇದೆ. ಅಲ್ಲಿ ಇವನು ನನ್ನ ಕಾಲನ್ನು ಎಷ್ಟು ಸಲ ತುಳಿದನೆಂದರೆ ಮರುದಿನ ಚಪ್ಪಲಿ ಹಿಡಿಸಲಿಲ್ಲ. ಆದರೆ ಅಜ್ಜಾ, ಇಷ್ಟೆಲ್ಲ ಸುತ್ತಿದರೂ ಒಂದನ್ನೂ ನಾನು ಪೂರ್ತಿ ನೋಡಿಲ್ಲ. ಕೂತ ಅರ್ಧ ಗಂಟೆಗೆ ಸೀಟಿನಲ್ಲಿ ಇರುವೆ ಹತ್ತಿದ ಹಾಗಾಗುತ್ತದೆ, ಇಂಟರ್ವೆಲ್ ಬಂದರೆ ಸಾಕು, ಎದ್ದು ಹೊರಡುತ್ತೇನೆ. ಒಂದು ದಿನ ಇವನು ಕೇಳಿಯೇಬಿಟ್ಟ, “ನೀನು ನೋಡೋಕೆ ಬರ್ತೀಯೋ, ಎದ್ದು ಹೋಗೋಕೆ ಬರ್ತೀಯೋ?” ನಾನು ನಕ್ಕು, ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವಳು ಎಂದು ಮಾತು ಹಾರಿಸಿದೆ. ಕಾರಣ ನನಗೆ ಗೊತ್ತು. ಇವನಿಗೆ ಹೇಳಿರಲಿಲ್ಲ.

ಕೆಲಸ ಸಿಕ್ಕಿದ್ದು ಹೀಗೆ. ಉಳಿದ ಆರು ಸಂಜೆ ಮನೆಯಲ್ಲಿ ಗೋಡೆ ನೋಡಿಕೊಂಡು ಎಷ್ಟು ಹೊತ್ತು ಕೂರಲಿ? ಮಂದಿರದ ಹಿಂಬದಿಯಲ್ಲಿ, ಇವನ ಲೈಟಿನ ಗೂಡಿನ ಪಕ್ಕ ಕೂರದೆ ನಿಂತೇ, ಒಂದೇ ನಗೆನಾಟಕವನ್ನು ಹನ್ನೊಂದು ಸಲ ನೋಡಿದೆ. ಇವನ ಕಣ್ಣು ಸದಾ ಗುಂಡಿಗಳ ಮೇಲೆ, ನಟರ ಮುಖ ಇವನಿಗೆ ಕಾಣುವುದೇ ಇಲ್ಲ. ಮನೆಗೆ ಬಂದು ನಾನು ಹೇಳುತ್ತಿದ್ದೆ, ಇವತ್ತು ವಿಧವೆ ಅಳುವಾಗ ಕಿವಿಯೋಲೆ ಬಿತ್ತು, ವಕೀಲ ಅದರ ಮೇಲೆ ಕಾಲಿಟ್ಟ, ಇಬ್ಬರೂ ಅದನ್ನು ಮುಚ್ಚಿಟ್ಟುಕೊಂಡು ಮಾತಾಡಿದರು. ಇವನು ಉಣ್ಣುವುದನ್ನು ಬಿಟ್ಟು ಕೇಳುತ್ತಿದ್ದ. ಕಣ್ಣು ಕಾಣದವರಿಗಾಗಿ ಮಂದಿರದವರು ಪ್ರತಿ ಶನಿವಾರ ಆರು ಸೀಟು ತೆಗೆದಿಡುತ್ತಾರೆ. ಅವರ ಒಂದು ಕಿವಿಗೆ ಚಿಕ್ಕ ಯಂತ್ರ ಸಿಕ್ಕಿಸುತ್ತಾರೆ, ಇನ್ನೊಂದು ಕಿವಿ ನಟರಿಗೆ. ಹಿಂದೆ ಗಾಜಿನ ಗೂಡಿನಲ್ಲಿ ಒಬ್ಬರು ಕೂತು, ಮಾತು ನಿಂತ ಸಂದುಗಳಲ್ಲಿ ಮಾತ್ರ, ವೇದಿಕೆಯ ಮೇಲೆ ಏನು ನಡೆಯುತ್ತಿದೆ ಎಂದು ಹೇಳಬೇಕು. ಹಿಂದೆ ಹೇಳುತ್ತಿದ್ದಾಕೆ ಬೇರೆ ಊರಿಗೆ ಹೋದಳು. ಇವನು ಮ್ಯಾನೇಜರಮ್ಮನ ಹತ್ತಿರ ಹೋಗಿ ನನ್ನ ಹೆಸರು ಹೇಳಿ ಬಂದ. ಎರಡು ಆಟ ಹೇಳಿಸಿ ನೋಡುತ್ತೇನೆ, ಆಮೇಲೆ ಮಾತು, ಎಂದರು ಆಕೆ.

ಮೊದಲನೆಯ ಆಟದಲ್ಲಿ ನನ್ನ ಮಾನ ಹೋಯಿತು. ನಾಟಕದಲ್ಲಿ ಒಬ್ಬ ಗುಮಾಸ್ತ ಇದ್ದಾನೆ, ಯಜಮಾನನ ಟೋಪಿಯ ಮೇಲೆ ಗೊತ್ತಿಲ್ಲದೆ ಕೂರುತ್ತಾನೆ. ವಿಧವೆ ಉಯಿಲು ಓದುವ ತನಕ ಸಭೆಯಲ್ಲಿ ಪಿಟ್ಟೆನ್ನುವವರಿಲ್ಲ. ಓದಿ ಮುಗಿಸಿದ ಮೇಲೆ ಅವನು ಗಂಭೀರವಾಗಿ ಎದ್ದರೆ ಟೋಪಿಯೂ ಅಂಟಿಕೊಂಡು ಏಳುತ್ತದೆ. ಹನ್ನೊಂದು ಸಲ ನೋಡಿದ್ದೇನಲ್ಲ, ಉಯಿಲು ಅರ್ಧಕ್ಕೆ ಬರುವಷ್ಟರಲ್ಲೇ ನನಗೆ ಮುಂದಿನದು ನೆನಪಾಗಿ ಮೈಕಿನೊಳಗೇ ಕಿಸಕ್ಕೆಂದೆ. ತಡೆದಷ್ಟೂ ಉಕ್ಕಿತು. ಮೂರನೇ ಸಾಲಿನಲ್ಲಿ ಕೂತ ಆರೂ ಜನ ನನ್ನ ನಗು ಕೇಳಿ ಗೊಳ್ಳೆಂದು ನಕ್ಕರು. ಸಭೆಗೆ ಸಭೆಯೇ ತಿರುಗಿ ಅವರನ್ನು ನೋಡಿತು. ವಿಧವೆ ಓದುವುದನ್ನು ತಪ್ಪಿದಳು. ಗುಮಾಸ್ತನ ಪಾತ್ರದವನು ತನ್ನ ಬಟ್ಟೆಯೇ ಎಲ್ಲೋ ಹರಿದಿದೆ ಅಂದುಕೊಂಡು ಹಿಂದೆ ಮುಟ್ಟಿ ನೋಡಿಕೊಂಡ, ಟೋಪಿ ಕೈಗೆ ಬಂತು, ಎರಡು ವರ್ಷದಿಂದ ಜನ ನಗುತ್ತಿದ್ದ ಜಾಗದಲ್ಲಿ ಆ ದಿನ ಯಾರೂ ನಗಲಿಲ್ಲ. ಇಂಟರ್ವೆಲ್‌ಗೆ ಎದ್ದವಳು ಉಳಿದರ್ಧ ನಿಂತೇ ಹೇಳಿದೆ. ಆಟ ಮುಗಿದ ಮೇಲೆ ಆ ನಟ ನನ್ನ ಗೂಡಿಗೆ ಬಂದು, “ತಾಯಿ, ನಾಳೆಯಿಂದ ನೀವೇ ಟೋಪಿ ಹಾಕ್ಕೊಂಡು ಬನ್ನಿ, ನಾನು ಇಲ್ಲಿ ಕೂತು ನಗ್ತೀನಿ” ಎಂದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆ ಆರು ಜನರಲ್ಲಿ ಟೆಲಿಫೋನ್ ಆಪರೇಟರ್ ಆಗಿ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ಹೊರಗೆ ಬೆಂಚಿನ ಮೇಲೆ ಕಾರಿಗಾಗಿ ಕಾಯುತ್ತಿದ್ದರು. ನಾನು ಕ್ಷಮೆ ಕೇಳಿದೆ. ಅವರು ನನ್ನ ಕೈ ಹುಡುಕಿ ಹಿಡಿದುಕೊಂಡು, “ನೀನು ನಕ್ಕೆ ಅಂತ ನಾವೂ ನಕ್ವಿ ಮಗಳೇ. ನಗೋ ಅಂಥದ್ದು ಏನಾಯ್ತು ಅನ್ನೋದು ಮಾತ್ರ ಇನ್ನೂ ಗೊತ್ತಾಗಿಲ್ಲ” ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ವಾರವೆಲ್ಲ ಮನೆಯಲ್ಲಿ ಕೂರಲಿಲ್ಲ, ನಿಲ್ಲಲಿಲ್ಲ. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ಓಡಾಡಿ ಕೆಳಗಿನ ಮನೆಯವರಿಂದ ದೂರು ಬಂತು. ಹಾಗೆ ಓಡಾಡುವಾಗಲೇ ನೀನು ಸಿನಿಮಾ ಬಿಡುತ್ತಿದ್ದ ಟಾಕೀಸಿನ ಪ್ರೊಜೆಕ್ಟರ್ ಕೋಣೆ ನೆನಪಾಯಿತು. ಖಾಲಿ ರೀಲಿನ ಡಬ್ಬ ಬೋರಲು ಹಾಕಿ ನನ್ನನ್ನು ಹತ್ತಿಸಿ, ಗೋಡೆಯ ಕಿಂಡಿಗೆ ಮುಖವಿಡಿಸುತ್ತಿದ್ದೆ. ನೀನು ಇನ್ನೊಂದು ಯಂತ್ರಕ್ಕೆ ಮುಂದಿನ ರೀಲು ಏರಿಸುವಾಗ ಪರದೆ ನೋಡುವುದು ನನ್ನ ಪಾಲು. ನಾನು ಅಯ್ಯೋ ಪಾಪ ಅಂದರೆ ಗದರುತ್ತಿದ್ದೆ, “ಕಂಡಿದ್ದನ್ನ ಹೇಳು. ಪಾಪ ಅನ್ನೋದು ನನ್ನ ಕೆಲಸ.” ರೀಲು ಮುಗಿಯುವ ಹೊತ್ತಿಗೆ ಪರದೆಯ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗಿ ಹೋಗುತ್ತಿತ್ತು. ಚುಕ್ಕೆ ಬಂತು ಅಜ್ಜಾ ಎಂದು ನಾನು ಕೂಗಿದರೆ ನೀನು ಇನ್ನೊಂದು ಯಂತ್ರ ಬಿಡುತ್ತಿದ್ದೆ. ಹೊರಗಿನ ಎಂಟುನೂರು ಜನಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ.

ನಿನ್ನೆ ಎರಡನೆಯ ಆಟ. ಶುರುವಾಗುವ ಮೊದಲು ಆರೂ ಜನರನ್ನು ವೇದಿಕೆಗೆ ಕರೆದುಕೊಂಡು ಹೋಗಿ ಕುರ್ಚಿ, ಉಯಿಲಿನ ಪೆಟ್ಟಿಗೆ, ಎಲ್ಲ ಮುಟ್ಟಿಸಿದೆ. ಟೋಪಿಯನ್ನು ನಟನೇ ತಂದು ಟೆಲಿಫೋನಿನವರ ಕೈಗಿಟ್ಟ. ಉಯಿಲು ಓದುವಾಗ ನಾನು ಕೆನ್ನೆ ಕಚ್ಚಿಕೊಂಡಿದ್ದೆ. ಸಂದು ಸಿಕ್ಕಿದಾಗ ಇಷ್ಟೇ ಅಂದೆ, ಗುಮಾಸ್ತ ಏಳುತ್ತಾನೆ, ಟೋಪಿಯೂ ಏಳುತ್ತದೆ. ಮೂರನೇ ಸಾಲು ಸಭೆಯ ಜೊತೆಗೇ ನಕ್ಕಿತು ಅಜ್ಜಾ, ಒಂದು ಕ್ಷಣ ಹಿಂದೂ ಇಲ್ಲ, ಮುಂದೂ ಇಲ್ಲ. ಪಕ್ಕದ ಗೂಡಿನಲ್ಲಿ ಇವನು ಗಾಜಿನ ಮೇಲೆ ಎರಡು ಸಲ ಬೆರಳು ಬಡಿದ. ಇಂಟರ್ವೆಲ್ ಬಂತು, ಹೋಯಿತು, ನಾನು ಎದ್ದಿರಲಿಲ್ಲ. ಮ್ಯಾನೇಜರಮ್ಮ ಕಾಗದಕ್ಕೆ ಸಹಿ ಹಾಕಿ, ಮುಂದಿನ ಶನಿವಾರದಿಂದ ನೀನೇ, ಎಂದರು.

ಆ ಶನಿವಾರಕ್ಕೆ ಮೂರನೇ ಸಾಲಿನಲ್ಲಿ ಒಂದು ಸೀಟು ನಿನ್ನ ಹೆಸರಿಗೆ ಹಿಡಿದಿಟ್ಟಿದ್ದೇನೆ. ನೀನು ಏನು ಹೇಳುತ್ತೀಯ ಅಂತ ಗೊತ್ತು. ಕಣ್ಣಿಲ್ಲದವನಿಗೆ ಕೊಟ್ಟ ಸೀಟು ದಂಡ ಅನ್ನುತ್ತೀಯ. ನನ್ನ ಮದುವೆಯಲ್ಲೂ ಅದನ್ನೇ ಹೇಳಿ ಹಿಂದಿನ ಕೋಣೆಯಲ್ಲಿ ರೇಡಿಯೋ ಹಿಡಿದು ಕೂತವನು ನೀನು. ಆದರೂ ಯೋಚನೆ ಮಾಡು. ಚಿಕ್ಕಮ್ಮನಿಗೆ ನನ್ನ ಅಪ್ಪುಗೆ, ನಿನ್ನ ಮೊಣಕಾಲಿಗೆ ಇವನ ನಮಸ್ಕಾರ. ನಿನ್ನ ಕಾಲು ಮುಟ್ಟುವ, ಒಂದು ಕಡೆ ಕೂರದ,

ನಿನ್ನ ಮಾತಿನ ಮಲ್ಲಿ

ಮರೆತೆ: ಮರೆತೆ ಅನ್ನುವುದು ಸುಳ್ಳು, ಇದನ್ನು ಬರೆಯಲಾಗದೆ ಮೇಲಿನದೆಲ್ಲ ಬರೆದೆ. ಚಿಕ್ಕಮ್ಮಾ, ಬಾಗಿಲು ಹಾಕಿ ಅಜ್ಜನೊಬ್ಬನಿಗೇ ಓದು. ಅಜ್ಜಾ, ಕಣ್ಣು ಹೋದ ವರ್ಷ ನಾನೇ ಹಟ ಮಾಡಿ ನಿನ್ನನ್ನು ಸಿನಿಮಾಕ್ಕೆ ಕರೆದುಕೊಂಡು ಹೋದೆ, ಕಿವಿಯಲ್ಲಿ ಎಲ್ಲ ಹೇಳುತ್ತೇನೆ ಅಂತ ಮಾತು ಕೊಟ್ಟು. ಹತ್ತು ನಿಮಿಷ ಹೇಳಿದೆ. ಆಮೇಲೆ ಸಿನಿಮಾದಲ್ಲಿ ಮುಳುಗಿ ನಿನ್ನನ್ನು ಮರೆತೆ. ಇಂಟರ್ವೆಲ್‌ಗೆ ಲೈಟು ಬಂದಾಗ ನೀನು ಪರದೆಯ ಕಡೆಗಲ್ಲ, ನನ್ನ ಕಡೆಗೆ ಮುಖ ಮಾಡಿ ಕೂತಿದ್ದೆ. “ಮನೆಗೆ ಹೋಗೋಣ್ವಾ ಮಗು, ಸೊಂಟ ನೋಯ್ತಿದೆ” ಅಂದೆ ನೀನು. ಸೊಂಟ ನೋಯುತ್ತಿರಲಿಲ್ಲ ಅಂತ ಆವತ್ತೇ ನನಗೆ ಗೊತ್ತಿತ್ತು. ಮತ್ತೆ ನೀನು ಯಾವ ಸಭೆಗೂ ಬರಲಿಲ್ಲ, ನಾನು ಯಾವುದರಲ್ಲೂ ಇಂಟರ್ವೆಲ್ ದಾಟಿ ಕೂರಲಿಲ್ಲ. ತಪ್ಪಾಯಿತು ಅಜ್ಜಾ. ಉಳಿದರ್ಧ ನಿನಗೆ ಬಾಕಿ ಇದೆ. ಬರುವುದಿಲ್ಲ ಅಂತ ಉತ್ತರ ಬರೆಸಬೇಡ, ಅದು ತಲುಪುವಾಗ ನಾನು ಇಲ್ಲಿರುವುದಿಲ್ಲ. ಬಿಳಿ ಅಂಗಿ ತೆಗೆದಿಡಿಸು. ಚುಕ್ಕೆ ಬಂತು. ಶುಕ್ರವಾರ, ಬೆಳಿಗ್ಗೆ ಆರು ಇಪ್ಪತ್ತರ ಪ್ಯಾಸೆಂಜರ್‌ನಲ್ಲಿ ನಿನ್ನನ್ನು ಕರೆದೊಯ್ಯಲು ಬರುತ್ತೇನೆ.