ತೊಂಬತ್ತು ಎಂದು ಬರೆದ ಕೈ

ಮಾರ್ಚ್ 4, ಬೆಳಿಗ್ಗೆ 7:10

ಇವತ್ತು ಆಪರೇಷನ್ ಥಿಯೇಟರಿನಲ್ಲಿ, ನಮ್ಮ ಓಟಿಯಲ್ಲಿ, ಐದು ಕೇಸು. ದಿಂಬು, ಕೈಹಲಗೆ, ಮಂಜುಗಡ್ಡೆ, ಸ್ಕ್ಯಾನಿನ ಜೆಲ್ — ಎಲ್ಲ ಸಿದ್ಧ. ಫಾರಂಗಳೂ ಸಿದ್ಧ. ಕೈ ಮರಗಟ್ಟಿಸುವ ಇಂಜೆಕ್ಷನ್ನಿಗೆ ರೋಗಿಯನ್ನು ಹೇಗೆ ಮಲಗಿಸಿದೆವು, ತೋಳನ್ನು ಮೈಯಿಂದ ಎಷ್ಟು ದೂರ ಚಾಚಿದೆವು ಎಂದು ಟೆಕ್ನಿಷಿಯನ್ ಆದ ನಾನು ಬರೆಯಬೇಕಾದ ಫಾರಂ. ಐದಕ್ಕೂ 'ತೊಂಬತ್ತು ಡಿಗ್ರಿ' ಎಂದು ಈಗಲೇ ತುಂಬಿ ಸಹಿ ಹಾಕಿಟ್ಟೆ. ಹನ್ನೊಂದು ವರ್ಷದ ರೂಢಿ.

ಮೂರನೆಯ ಕೇಸು ನಮ್ಮಕ್ಕ. ಬಲಗೈ ಮಣಿಕಟ್ಟು ಮುರಿದಿದೆ. ಬಟ್ಟೆ ಹೊಲಿಯುವವಳು, ಕತ್ತರಿ ಹಿಡಿಯುವ ಕೈಯೇ ಅದು. ಆಸ್ತಮಾ ಜೋರು, ಪ್ರಜ್ಞೆ ತಪ್ಪಿಸುವ ಪೂರ್ತಿ ಮತ್ತು ಕೊಡುವಂತಿಲ್ಲ; ಕೈ ಮಾತ್ರ ಮರಗಟ್ಟಿಸಬೇಕು. ವಾರ್ಡಿನಲ್ಲಿ ಹಿಡಿದು ನಿಲ್ಲಿಸಿದಳು.

"ಲೋ, ನಿನ್ನ ಡಾಕ್ಟರಿಗೆ ಹೇಳಿದ್ಯಾ? ಭುಜ ಹಿಡ್ಕೊಂಡಿದೆ, ಕೈ ಎತ್ತಕ್ಕಾಗಲ್ಲ ಅಂತ. ತಲೆ ಬಾಚ್ಕೊಂಡು ವರ್ಷ ಆಯ್ತು ಆ ಕೈಯಲ್ಲಿ."

"ಹೇಳ್ತೀನಿ ಕಣಕ್ಕ. ನಾನಿದೀನಲ್ಲ."

ಓಟಿಯಲ್ಲಿ ಪರದೆ ಏಳುವ ಹೊತ್ತಾಯಿತು.

ಅದೇ ದಿನ, ಸಂಜೆ 5

ಸಿಟ್ಟು ಇಳಿದಿಲ್ಲ. ಬರೆಯದಿದ್ದರೆ ಯಾರಿಗಾದರೂ ಬಾರಿಸಿಯೇನು.

ಸರ್ಜನ್‌ಗೆ ನಾವಿಟ್ಟ ಹೆಸರು ಗಡಿಯಾರ. ರೋಗಿಯ ಮುಖಕ್ಕಿಂತ ಗೋಡೆಯ ಮುಳ್ಳು ನೋಡುವುದೇ ಹೆಚ್ಚು. ಅರಿವಳಿಕೆ ಡಾಕ್ಟರೋ, ಗಡಿಯಾರದ ನೆರಳು.

ಸೂಜಿ ಕಂಕುಳಿಗೆ. ಅದಕ್ಕೆ ತೋಳು ಮರದ ಕೊಂಬೆಯ ಹಾಗೆ ಅಡ್ಡ ಚಾಚಿರಬೇಕು. ಅಕ್ಕನದು ಅರ್ಧಕ್ಕೇ ನಿಂತಿತು. ಐವತ್ತು ಡಿಗ್ರಿ ಎಂದರೂ ಉದಾರ.

"ಸರ್, ಭುಜ ಹಿಡ್ಕೊಂಡಿದೆ. ಕಾಲರ್ ಬೋನ್ ಕೆಳಗಿಂದ ಹಾಕಿದ್ರೆ ಕೈ ಪಕ್ಕದಲ್ಲೇ ಇದ್ರೂ ಆಗುತ್ತೆ," ಎಂದೆ.

"ಪಾಠ ಶುರು ಮಾಡಿದ್ರು ನೋಡಿ ಮೇಷ್ಟ್ರು," ಎಂದರು ಗಡಿಯಾರ. "ಎಳೀರಿ ಸ್ವಲ್ಪ."

ಎಳೆದೆ. ಬರೆಯಲು ನಾಚಿಕೆ... ಎಳೆದೆ. ಅಕ್ಕ ತುಟಿ ಕಚ್ಚಿದಳು. ಸೂಜಿ ಓರೆಯಾಗಿ ಹೋಯಿತು. ಸ್ಕ್ಯಾನಿನಲ್ಲಿ ಒಂದು ನರ ಕಾಣಲೇ ಇಲ್ಲ. "ಔಷಧಿ ಹರಡುತ್ತೆ ಬಿಡಿ," ಎಂದಿತು ನೆರಳು.

ಹರಡುತ್ತದಂತೆ. ಅದೇನು ಊರ ಚಾಡಿಯೇ, ತಾನಾಗಿ ಹರಡಲು?

ಔಷಧಿ ಹಿಡಿಯಲು ಇಪ್ಪತ್ತು ನಿಮಿಷ ಕಾಯಬೇಕು. ಎಂಟನೆಯ ನಿಮಿಷಕ್ಕೇ ಗಡಿಯಾರಕ್ಕೆ ಅವಸರ. ಮಂಜುಗಡ್ಡೆ ಇಟ್ಟು ನೋಡಿದೆ. ಕಿರುಬೆರಳ ಕಡೆ ಮರಗಟ್ಟಿದೆ. ಹೆಬ್ಬೆರಳ ಕಡೆ, ಮುಂಗೈ ಉದ್ದಕ್ಕೂ — "ತಣ್ಣಗಿದೆ ಕಣೋ," ಎಂದಳು. ತಣ್ಣಗೆ ತಿಳಿದರೆ ಮರಗಟ್ಟಿಲ್ಲ ಎಂದೇ ಅರ್ಥ.

"ಮುಟ್ಟಿದ್ದು ಗೊತ್ತಾಗುತ್ತಮ್ಮ, ನೋವಾಗಲ್ಲ," ಎಂದರು ಗಡಿಯಾರ.

ಬ್ಲೇಡು ಇಳಿಯಿತು. ನಾನು ಅಪ್ಪನ ನಾಟಕದ ಡೇರೆಯಲ್ಲಿ ಬೆಳೆದವನು. ಮೈಕಿಲ್ಲದೆ ಕೊನೆಯ ಸಾಲನ್ನು ನಡುಗಿಸುವ ಕೂಗುಗಳನ್ನು ಕೇಳಿದ್ದೇನೆ. ಇಂಥದ್ದು ಕೇಳಿರಲಿಲ್ಲ. ಹಿಂದೆಯೇ ಉಬ್ಬಸ. ಆಕ್ಸಿಜನ್ ಇಳಿಯತೊಡಗಿತು. ಗಾಯ ಹೊಲಿದು, ಪಟ್ಟಿ ಕಟ್ಟಿ, ಮೂಳೆ ಮುಟ್ಟದೆ ಹೊರಗೆ ತಂದೆವು.

ಕೇಸ್ ಶೀಟಿನಲ್ಲಿ ಗಡಿಯಾರ ಬರೆದದ್ದು ಒಂದೇ ಸಾಲು: 'ರೋಗಿ ಸಹಕರಿಸಲಿಲ್ಲ.'

ಸಹಕಾರವಂತೆ. ಕತ್ತಿಗೆ ಕುರಿ ಸಹಕರಿಸಬೇಕು.

ಮಾರ್ಚ್ 5

ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ಹೇಳಿದ್ನಲ್ಲೋ ನಿಂಗೆ." ಅಷ್ಟೇ ಮಾತು.

ಗಡಿಯಾರದ ತೀರ್ಪು: ಮುಂದಿನ ಸಲ ಪೂರ್ತಿ ಮತ್ತು, ಉಸಿರಿನ ಯಂತ್ರ, ಅಪಾಯ ಮನೆಯವರದು. ಬೇಡವಾದರೆ ಮೂಳೆ ಸೊಟ್ಟಗೇ ಕೂಡಿಕೊಳ್ಳಲಿ. ಉಸಿರು ಬೇಕೋ ಕೈ ಬೇಕೋ — ಆರಿಸಿಕೊ ಎಂದ ಹಾಗೆ.

ಮಾರ್ಚ್ 6, ಮಧ್ಯಾಹ್ನ

ಗಡಿಯಾರದ ಕೋಣೆಗೆ ನುಗ್ಗಿದೆ. ರಾಜಪಾತ್ರದ ಪ್ರವೇಶ, ಮಾತೆಲ್ಲ ಬಾಯಿಪಾಠ.

"ಸಹಕರಿಸಿಲ್ಲ ಅನ್ನೋದು ಸುಳ್ಳು ಸರ್. ಕೈ ಐವತ್ತರ ಮೇಲೆ ಹೋಗ್ಲೇ ಇಲ್ಲ. ಅದನ್ನ ಬರೀರಿ. ಬರೆದ್ರೆ ಮುಂದಿನವರು ಬೇರೆ ಕಡೆಯಿಂದ ಹಾಕ್ತಾರೆ."

ಸಿಟ್ಟಾಗಲೂ ಇಲ್ಲ ಪುಣ್ಯಾತ್ಮ. ಫೈಲು ಬಿಚ್ಚಿ ಫಾರಂ ನನ್ನ ಕಡೆ ತಿರುಗಿಸಿದರು.

"ತೊಂಬತ್ತು ಅಂತಿದೆ. ಅಕ್ಷರ ಯಾರದು?"

ನನ್ನದು.

"ಸಹಿ?"

ನನ್ನದು. ಅಕ್ಕ ಇನ್ನೂ ವಾರ್ಡಿನಲ್ಲಿದ್ದಾಗ ಹಾಕಿದ್ದು.

"ಮಲಗಿಸಿದ್ದು ಸರಿ ಅಂತ ನೀವೇ ಬರೆದಿದೀರಿ. ಅಂದ್ಮೇಲೆ ತಪ್ಪು ನಿಮ್ಮಕ್ಕಂದೇ ತಾನೆ?"

ಫಾರಂ ಮೇಜಿನ ಮೇಲೇ ಬಿಟ್ಟು, ರಾಜಪಾತ್ರ ಬಂದ ಬಾಗಿಲಿಂದಲೇ ಹೊರನಡೆಯಿತು.

ಮಾರ್ಚ್ 10

ಗಡಿಯಾರಕ್ಕೆ ಬೈದೆ. ನೆರಳಿಗೆ ಬೈದೆ. ಬಚ್ಚಲಿನ ಬಕೆಟ್ಟಿಗೂ ಬೈದೆ. ಬೈಗುಳ ತೀರಿದ ಮೇಲೆ ರಂಗದ ಮೇಲೆ ಉಳಿದವನು ಒಬ್ಬನೇ. ಹನ್ನೊಂದು ವರ್ಷ — ಎಷ್ಟು ತೋಳಿಗೆ ತೊಂಬತ್ತು ಬರೆದೆ? ಅವರಲ್ಲಿ ಎಷ್ಟು ಜನ 'ಸಹಕರಿಸಲಿಲ್ಲ'?

ದಾಖಲೆ ಕೋಣೆಗೆ ಹೋದೆ. 'ತೊಂಬತ್ತು' ಮೇಲೆ ಒಂದೇ ಗೆರೆ, ಕೆಳಗಿನದು ಕಾಣುವಂತೆ. ಪಕ್ಕದಲ್ಲಿ: 'ಐವತ್ತು. ಕೇಸಿಗೆ ಮೊದಲೇ ಫಾರಂ ತುಂಬಿದ್ದೆ. ಭುಜ ಹಿಡಿದಿದ್ದರೂ ಎಳೆದವನು ನಾನು. ಹೆಬ್ಬೆರಳ ಕಡೆ ಮರಗಟ್ಟಿರಲಿಲ್ಲ, ರೋಗಿ ಹೇಳಿದ್ದರು.' ಸಹಿ. ಇವತ್ತಿನ ತಾರೀಖು. ಒಂದು ಪ್ರತಿ ಸೂಪರಿಂಟೆಂಡೆಂಟ್ ಮೇಜಿಗೆ.

ಮಾರ್ಚ್ 12

ಸಸ್ಪೆಂಡ್. ಓಟಿಯ ಹೊಸ್ತಿಲು ತುಳಿಯುವಂತಿಲ್ಲ. ಗಡಿಯಾರ ಮಾತ್ರ ನಿಲ್ಲದೆ ನಡೆಯುತ್ತಿದೆ, ಹಾಳಾದ್ದು.

ಆದರೆ ಅಕ್ಕನ ಕೇಸು ಇನ್ನೊಂದು ತಂಡಕ್ಕೆ ಹೋಯಿತು. ಆ ತಂಡದ ಅರಿವಳಿಕೆ ಮೇಡಂ ನನ್ನ ಸಾಲು ಓದಿ, ಅಕ್ಕನ ಭುಜ ತಾವೇ ಎತ್ತಿ ನೋಡಿದರಂತೆ.

"ಇದನ್ನ ಯಾರ್ರೀ ಎಳೆದಿದ್ದು?"

"ನಮ್ಮ ತಮ್ಮ," ಎಂದಳಂತೆ ಅಕ್ಕ. "ಅವನನ್ನ ನಾನು ನೋಡ್ಕೋತೀನಿ. ನೀವು ಕೈ ನೋಡಿ."

ಮಾರ್ಚ್ 14, ಬೆಳಿಗ್ಗೆ 10:50

ಓಟಿ ಹೊರಗಿನ ಬೆಂಚು. ಜೀವನದಲ್ಲಿ ಮೊದಲ ಸಲ ಪ್ರೇಕ್ಷಕ. ಬಾಗಿಲ ಸಂದಿಯಲ್ಲಿ ಒಮ್ಮೆ ಕಂಡಿತು: ತಲೆಯ ಕಡೆ ಸ್ವಲ್ಪ ಎತ್ತರ, ಮುಖ ಆ ಕಡೆ, ಕೈ ಪಕ್ಕದಲ್ಲೇ. ಯಾರೂ ಎಳೆಯುತ್ತಿಲ್ಲ. ಸೂಜಿ ಕಾಲರ್ ಬೋನ್ ಕೆಳಗೆ. ಈಗ ಕಾಯಬೇಕು.

11:35

ಕೂಗು ಬರುತ್ತದೆಂದು ಕಿವಿ ಕಲ್ಲಾಗಿಸಿಕೊಂಡು ಕೂತಿದ್ದೆ. ಬಂದದ್ದು ನರ್ಸ್.

"ನಿಮ್ಮಕ್ಕ ಬಾಯಿ ಮುಚ್ಚಲ್ಲಪ್ಪ. ನಮ್ಮ ಹಸಿರು ಬಟ್ಟೆ ಹೊಲಿಗೆ ವಕ್ರವಂತೆ. ಹೊಲಿದೋನನ್ನ ಕರೀರಿ ಅಂತಿದಾರೆ."

"ಆಪರೇಷನ್ ಯಾವಾಗ ಶುರು?"

"ಶುರುವಾಗಿ ಕಾಲು ಗಂಟೆ ಆಯ್ತು. ಅವರಿಗೆ ಗೊತ್ತೇ ಇಲ್ಲ."

ಕೈ ಪಕ್ಕದಲ್ಲಿ. ಒಂದು ದಿಂಬು. ಇಪ್ಪತ್ತು ನಿಮಿಷ. ಇಷ್ಟೇ ಬೇಕಿತ್ತು. ಇಷ್ಟನ್ನು ಆವತ್ತು ಬಾಯಿಬಿಟ್ಟು ಗಟ್ಟಿಯಾಗಿ ಹೇಳಿ, ಕೈ ಬಿಟ್ಟು ಹಿಂದೆ ಸರಿದಿದ್ದರೆ, ಅಕ್ಕ ಆವತ್ತೂ ಹೀಗೇ ಹೊಲಿಗೆಗೆ ಬೈಯುತ್ತಿದ್ದಳು, ಕೂಗುತ್ತಿರಲಿಲ್ಲ.